ಬಚ್ಚಲ ಗೀಸರ್ ಎಷ್ಟು ಗ್ಯಾಸು ಎಳೆಯುತ್ತದೆ? ಅಡಿಕೆ ತಕ್ಕಡಿಯಲ್ಲಿ ತೂಗಿ ನೋಡಿ

ನಮ್ಮ ಮನೆಗೆ ಎರಡು ಸಿಲಿಂಡರ್. ಒಂದು ಅಡುಗೆಗೆ, ಒಂದು ಬಚ್ಚಲ ಗೀಸರ್‌ಗೆ. ಅಡುಗೆಯದು ಎರಡು ತಿಂಗಳು ಆರಾಮಾಗಿ ಬರುತ್ತದೆ. ಬಚ್ಚಲದ್ದು ಹೋದ ವರ್ಷ ಆಷಾಢದಲ್ಲಿ 29 ದಿನಕ್ಕೆ ಮುಗಿಯಿತು. ಮನೆಯಲ್ಲಿರುವುದು ನಾಲ್ಕೇ ಜನ. ಅಕ್ಕಪಕ್ಕದವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಗೀಸರ್ ಅಂದ್ರೆ ಗ್ಯಾಸು ಎಳೀತದೆ ಮಾರಾಯ್ರೆ." ಎಷ್ಟು ಎಳೆಯುತ್ತದೆ ಅಂದರೆ ಉತ್ತರ ಇಲ್ಲ. ಕರೆಂಟಿಗಾದರೆ ಮೀಟರ್ ಇದೆ. ಸಿಲಿಂಡರ್‌ಗೆ ಮೀಟರ್ ಇಲ್ಲ, ಮುಗಿದ ದಿನವೇ ಗೊತ್ತಾಗುವುದು.

ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತದೆ, ನಮಗೂ ಅದರ ಪಾಲು ಸಾಕಷ್ಟು ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ನೀರು ಬೆಚ್ಚಗೂ ಆಗುವುದಿಲ್ಲ. ಜಡಿಮಳೆ ಹಿಡಿದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಹಂಡೆ ಒಲೆಗೆ ಒಣ ಕಟ್ಟಿಗೆ, ಅಡಿಕೆ ಸಿಪ್ಪೆ ಕೂಡಿಡಬೇಕು, ಬೆಳಗ್ಗೆ ಐದಕ್ಕೆ ಎದ್ದು ಬೆಂಕಿ ಹಾಕುವವರೂ ಬೇಕು. ಹಾಗಾಗಿ ಊರಿನ ಅರ್ಧಕ್ಕರ್ಧ ಮನೆಗೆ ಗ್ಯಾಸ್ ಗೀಸರ್ ಬಂದಿದೆ. ಬಂದದ್ದು ತಪ್ಪಲ್ಲ. ಅಂಗಡಿಯವರು ಹಾಕಿಕೊಟ್ಟು ಹೋದ ದಿನ ನಾಬ್ ಎಲ್ಲಿತ್ತೋ ಐದು ವರ್ಷ ಕಳೆದರೂ ಅಲ್ಲೇ ಇರುತ್ತದೆ, ಅದು ತಪ್ಪು.

ನಾನು ಮಾಡಿ ನೋಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ನಾಬ್ ಮುಟ್ಟುವುದು ಆಮೇಲೆ. ಮೊದಲು ತೂಕ.

ತೂಕ ಹಾಕುವುದು

ಅಡಿಕೆ ಬೆಳೆಯುವ ಮನೆಯಲ್ಲಿ ತಕ್ಕಡಿ ಇದ್ದೇ ಇರುತ್ತದೆ. ಶಿವಮೊಗ್ಗ ಪೇಟೆಯವರಾದರೆ 50 ಕೆಜಿ ತೂಗುವ ನೇತಾಡಿಸುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ತುಂಬಿದ ಸಿಲಿಂಡರ್ 30 ಕೆಜಿ ಆಸುಪಾಸು ಇರುತ್ತದೆ. ಸಿಲಿಂಡರ್‌ನ ಮೇಲ್ಗಡೆ, ಕೈಹಿಡಿ ಸೇರುವ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತಾರೆ. 15.3, 15.9 ಹೀಗೆ, ಒಂದೊಂದರದ್ದು ಒಂದೊಂದು. ಅದಕ್ಕೆ 14.2 ಸೇರಿಸಿದರೆ ತುಂಬಿದ ತೂಕ. ಹೊಸ ಸಿಲಿಂಡರ್ ಬಂದ ದಿನವೇ ಇದನ್ನು ನೋಡಿಕೊಳ್ಳಿ. ಅದೇ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಇವುಗಳಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಇಸವಿಯ ಕೊನೆಯ ಎರಡು ಅಂಕಿ ಇರುತ್ತವೆ. ಅದು ಸಿಲಿಂಡರ್‌ನ ಮುಂದಿನ ಪರೀಕ್ಷೆಯ ಗಡುವು. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಗಡುವು ದಾಟಿದ್ದನ್ನು ಇಳಿಸಿಕೊಳ್ಳಬೇಡಿ.

ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚಿ, ಮುಚ್ಚಳ ಹಾಕಿ ತೂಗಬೇಕು. ರೆಗ್ಯುಲೇಟರ್, ಪೈಪ್ ಸಮೇತ ತೂಗಿದರೆ ಲೆಕ್ಕ ಪ್ರತಿಸಲವೂ ಬೇರೆ ಬರುತ್ತದೆ. ಒಂದು ಭಾನುವಾರ ಬೆಳಗ್ಗೆ ಎಲ್ಲರ ಸ್ನಾನಕ್ಕೆ ಮೊದಲು ತೂಗಿ, ಮುಂದಿನ ಭಾನುವಾರ ಅದೇ ಹೊತ್ತಿಗೆ ಮತ್ತೆ ತೂಗಿ. ನಾನು ಕ್ಯಾಲೆಂಡರ್ ಮೇಲೇ ಬರೆಯುತ್ತೇನೆ, ಹಾಲಿನ ಲೆಕ್ಕದ ಪಕ್ಕದಲ್ಲಿ. ಮೊದಲ ವಾರ ನಮ್ಮದು 3.4 ಕೆಜಿ ಬಂತು. ದಿನಕ್ಕೆ 485 ಗ್ರಾಂ. ಅಮ್ಮ ನೋಡಿ, "ಇಷ್ಟು ಗ್ಯಾಸಲ್ಲಿ ಎರಡು ದಿನದ ಅಡುಗೆ ಆಗ್ತಿತ್ತಲ್ಲ" ಅಂದರು. ಲೆಕ್ಕ ಹಾಕಿದರೆ ಅವರ ಮಾತು ಸರಿಯಾಗಿಯೇ ಇತ್ತು.

ಹೀಗಾಗುವುದಕ್ಕೆ ಕಾರಣ ಇದೆ. ನಿಮಿಷಕ್ಕೆ 6 ಲೀಟರ್ ಕೊಡುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಕೆಜಿ ಗ್ಯಾಸು ಬೇಕು. ಅಡುಗೆ ಒಲೆಯ ದೊಡ್ಡ ಬರ್ನರ್‌ಗಿಂತ ಐದು ಪಟ್ಟು. ಹತ್ತು ನಿಮಿಷ ಸುಮ್ನೆ ಬಿಟ್ಟರೂ 160 ಗ್ರಾಂ ಹೋಯಿತು.

ಒಂದು ಸಣ್ಣ ಲೆಕ್ಕ

ಎಷ್ಟು ಖರ್ಚಾಯಿತು ಅಂತ ಗೊತ್ತಾಯಿತು. ಎಷ್ಟು ಖರ್ಚಾಗಬೇಕಿತ್ತು ಅಂತ ತಿಳಿಯದಿದ್ದರೆ ಗೀಸರ್ ಚೆನ್ನಾಗಿದೆಯೋ ಇಲ್ಲವೋ ಹೇಳಲಾಗದು. ಅದಕ್ಕೊಂದು ಸುಲಭ ದಾರಿ ಇದೆ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಗ್ರಾಂ ಅಡುಗೆ ಅನಿಲ ಉರಿದರೆ ಸುಮಾರು 11 ಕಿಲೋ ಕ್ಯಾಲೊರಿ ಸಿಗುತ್ತದೆ. ಹಾಗಾಗಿ ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ, 11ರಿಂದ ಭಾಗಿಸಿ. ಒಂದು ಚೂರೂ ಪೋಲಾಗದಿದ್ದರೆ ಎಷ್ಟು ಗ್ರಾಂ ಬೇಕು ಅನ್ನುವುದು ಸಿಕ್ಕಿತು.

ಇದಕ್ಕಾಗಿ ನೀರು ಹಾಳು ಮಾಡುವುದು ಬೇಡ. ಎರಡು ದಿನ ಎಲ್ಲರೂ ಬಕೆಟ್‌ನಲ್ಲೇ ಸ್ನಾನ ಮಾಡಿ, 20 ಲೀಟರಿನ ಬಕೆಟ್ ಎಷ್ಟು ತುಂಬಿತು ಅಂತ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಹಾಲು, ಪಾಕದ ಬಿಸಿ ನೋಡುವ ಕಡ್ಡಿಯಂಥದ್ದು ಬೇಕು. ನಲ್ಲಿಯ ತಣ್ಣೀರನ್ನೂ ಬಕೆಟ್‌ನ ಬಿಸಿನೀರನ್ನೂ ಅಳೆಯಿರಿ. ಬಕೆಟ್‌ನ ನೀರು ಗೀಸರ್‌ನಿಂದ ನೇರ ಬಂದದ್ದಾಗಿರಲಿ. ತಣ್ಣೀರು ಬೆರೆಸುವುದಾದರೆ ಬೆರೆಸಿದ ಮೇಲೆ ಅಳೆದರೂ ಲೆಕ್ಕ ತಪ್ಪುವುದಿಲ್ಲ, ಆಗ ಪೂರ್ತಿ ಬಕೆಟನ್ನೇ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮದು ಹೀಗೆ ಬಂತು. ಹತ್ತು ಬಕೆಟ್, ಅಂದರೆ 200 ಲೀಟರ್. ತೊಟ್ಟಿಯ ನೀರು 21 ಡಿಗ್ರಿ, ಸ್ನಾನದ ನೀರು 41. ಏರಿದ್ದು 20. 200 ಗುಣಿಸು 20 ಅಂದರೆ 4,000, ಅದನ್ನು 11ರಿಂದ ಭಾಗಿಸಿದರೆ 364 ಗ್ರಾಂ. ಆ ಎರಡು ದಿನಕ್ಕೆ ತಕ್ಕಡಿ ತೋರಿಸಿದ್ದು 560. ನೂರು ರೂಪಾಯಿ ಗ್ಯಾಸಿನಲ್ಲಿ ನೀರಿಗೆ ಸೇರಿದ್ದು 65 ರೂಪಾಯಿ, ಉಳಿದದ್ದು ಹಿತ್ತಿಲ ಗಾಳಿಗೆ. ಒಳ್ಳೆಯ ಸ್ಥಿತಿಯಲ್ಲಿರುವ ಗೀಸರ್ 80ರ ಮೇಲೆ ಕೊಡಬೇಕು. 75ಕ್ಕಿಂತ ಕೆಳಗೆ ಬಂದರೆ ಏನೋ ಕೆಟ್ಟಿದೆ ಅಂತಲೇ ತಿಳಿಯಿರಿ.

ಡಿಸೆಂಬರ್ ಬೆಳಗ್ಗೆ ನಮ್ಮ ತೊಟ್ಟಿಯ ನೀರು 17 ಡಿಗ್ರಿ ಇರುತ್ತದೆ, ಏಪ್ರಿಲ್‌ನಲ್ಲಿ 25. ಅಂದರೆ ಅದೇ ಬಕೆಟ್‌ಗೆ ಚಳಿಗಾಲದಲ್ಲಿ ಒಂದೂವರೆ ಪಟ್ಟು ಗ್ಯಾಸು ಬೇಕು. ಇದು ಗೀಸರ್‌ನ ದೋಷ ಅಲ್ಲ. ಸಂಜೆ ನಾಲ್ಕಕ್ಕೆ ಸ್ನಾನ ಮಾಡುವವರಿಗೆ ಬಿಸಿಲು ಕಾಯಿಸಿದ ತೊಟ್ಟಿ ಅಷ್ಟು ಉಳಿಸಿಕೊಡುತ್ತದೆ, ನಮ್ಮ ಅಪ್ಪಯ್ಯ ಬೇಸಿಗೆಯಲ್ಲಿ ಹಾಗೇ ಮಾಡುವುದು.

ನಾಬ್ ಮುಟ್ಟುವ ಮೊದಲು ಗಾಳಿ ನೋಡಿ

ಇದನ್ನು ಓದದೆ ಮುಂದೆ ಹೋಗಬೇಡಿ, ಕೇಳಿಕೊಳ್ಳುತ್ತೇನೆ.

ಹೊಸನಗರದ ಕಡೆ ನನ್ನ ಭಾವನ ಮನೆ. ಅಲ್ಲಿ ಪೈಪ್ ಎಳೆಯುವುದು ಸುಲಭ ಅಂತ ಗೀಸರನ್ನು ಬಚ್ಚಲ ಒಳಗೇ ಹಾಕಿ ಹೋಗಿದ್ದರು. ಮೇಲೆ ಗಾಜಿನ ಪಟ್ಟಿಯ ಸಣ್ಣ ಕಿಟಕಿ. ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆ, ಚಳಿ ಗಾಳಿ ನುಗ್ಗುತ್ತದೆ ಅಂತ ಗೊಬ್ಬರದ ಚೀಲದ ಪ್ಲಾಸ್ಟಿಕ್ ಬಿಗಿದರು. ಒಂದು ಸಂಜೆ ಅಕ್ಕನ ಮಗಳು ಸ್ನಾನಕ್ಕೆ ಹೋದವಳು ಬಹಳ ಹೊತ್ತಾದರೂ ಬರಲಿಲ್ಲ. ಕೂಗಿದರೆ ಉತ್ತರ ಇಲ್ಲ, ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಭಾವ ಬಾಗಿಲು ಒದ್ದು ತೆಗೆದರು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಅರ್ಧ ತೆರೆದಿತ್ತು, ಮಾತು ಬರುತ್ತಿರಲಿಲ್ಲ. ಎತ್ತಿಕೊಂಡು ಬಂದು ಜಗಲಿಯಲ್ಲಿ ಮಲಗಿಸಿ, ಆಮೇಲೆ ಆಸ್ಪತ್ರೆಗೆ ಸೇರಿಸಿದರು. ಬದುಕಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಅಂತ ಯೋಚಿಸಲು ಈಗಲೂ ಆಗುವುದಿಲ್ಲ.

ಗ್ಯಾಸು ಉರಿಯಲು ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಗಾಳಿ ಮುಗಿಯುತ್ತಾ ಬಂದಂತೆ ಗ್ಯಾಸು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ಸಿಲಿಂಡರ್ ಲೀಕ್ ಆದರೆ ಬರುವ ಕೆಟ್ಟ ವಾಸನೆ ಬೇಕೆಂದೇ ಸೇರಿಸಿದ್ದು, ಗ್ಯಾಸು ಉರಿದ ಮೇಲೆ ಅದೂ ಇರುವುದಿಲ್ಲ. ಈ ವಿಷ ಗಾಳಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಕಾಲಲ್ಲಿ ಬಲವೇ ಇಲ್ಲದಂತೆ ಆಗುತ್ತದೆ. ಎದ್ದು ಬಾಗಿಲು ತೆಗೆಯಬೇಕು ಅನ್ನಿಸಿದರೂ ಏಳಲಾಗುವುದಿಲ್ಲ.

ಅದಕ್ಕೇ ಗೀಸರ್ ಬಚ್ಚಲ ಹೊರಗಿನ ಗೋಡೆಯಲ್ಲಿರಬೇಕು, ಸೂರಿನ ಕೆಳಗೆ, ಇರಚಲು ಬೀಳದ ಕಡೆ. ಒಳಗೆ ಪೈಪ್ ಮಾತ್ರ ಬರಲಿ. ಈಗಾಗಲೇ ಒಳಗಿದ್ದರೆ ಹೊರಗೆ ಹಾಕಿಸಿ, ಅದು ಆಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಹೊಗೆ ಹೋದ ಮೇಲೆ ಸ್ನಾನಕ್ಕೆ ಹೋಗಿ. ಹೊರಗಿದ್ದರೂ ಬಚ್ಚಲ ಕಿಟಕಿಯ ಪಕ್ಕದಲ್ಲೇ ಇದ್ದರೆ ಹೊಗೆ ಒಳಗೆ ಬರಬಹುದು, ಸ್ವಲ್ಪ ದೂರ ಇರಲಿ. ಕಿಟಕಿಗೆ ಪ್ಲಾಸ್ಟಿಕ್ ಯಾವ ಕಾರಣಕ್ಕೂ ಬೇಡ, ಇರಚಲು ತಡೆಯಬೇಕಾದರೆ ಹೊರಗಿನಿಂದ ತಗಡಿನ ಸಣ್ಣ ಮಾಡು ಇಳಿಸಿ. ಸುಮಾರು ಗೀಸರ್‌ಗಳು 20 ನಿಮಿಷಕ್ಕೆ ತಾವೇ ಆರುತ್ತವೆ. ಅದು ಕೆಟ್ಟದ್ದಲ್ಲ, ಕಾಪಾಡಲೆಂದೇ ಇಟ್ಟದ್ದು. ಆರಿದ ತಕ್ಷಣ ಮತ್ತೆ ಹಚ್ಚಬೇಡಿ.

ಗ್ಯಾಸು ಲೀಕ್ ಆದ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲಿ, ಬಚ್ಚಲ ಗುಂಡಿಯಲ್ಲಿ ಕೂತಿರುತ್ತದೆ.

ಈಗ ನಾಬ್

ಸಾಧಾರಣ ಗೀಸರ್‌ಗೆ ಮೂರು ನಾಬ್. ಒಂದು ಗ್ಯಾಸಿನದು, ಒಂದು ನೀರಿನದು, ಮಧ್ಯದಲ್ಲಿ ಬೇಸಿಗೆ-ಚಳಿಗಾಲದ್ದು. ಕೊನೆಯದು ಬರ್ನರ್‌ನ ಎಷ್ಟು ಭಾಗ ಉರಿಯಬೇಕು ಅಂತ ಬದಲಿಸುತ್ತದೆ, ಬೇಸಿಗೆಗೆ ಕಡಿಮೆ ಸಾಲು, ಚಳಿಗಾಲಕ್ಕೆ ಎಲ್ಲ ಸಾಲು.

ಎಲ್ಲರೂ ಮಾಡುವುದು ಏನೆಂದರೆ, ಗ್ಯಾಸು ಪೂರ್ತಿ ಇಟ್ಟು, ನೀರು ಕಡಿಮೆ ಬಿಟ್ಟು, ಕೈ ಇಡಲಾಗದ ಸುಡುನೀರು ಬರಿಸಿ, ಅದಕ್ಕೆ ತಣ್ಣೀರು ಬೆರೆಸುವುದು. ನಮ್ಮದೂ 60 ಡಿಗ್ರಿ ಬರುತ್ತಿತ್ತು. ಹಂಡೆಯ ನೀರಿನ ಅಭ್ಯಾಸ ನಮಗೆ, ಅದು ಕುದಿಯಬೇಕು, ಬೆರೆಸಿಕೊಳ್ಳಬೇಕು. ಗೀಸರ್‌ಗೆ ಅದು ಹೊಂದುವುದಿಲ್ಲ. ನೀರು ತಣ್ಣಗಿದ್ದಷ್ಟೂ, ಬೇಗ ಹರಿದಷ್ಟೂ ಬೆಂಕಿಯ ಶಾಖವನ್ನು ಚೆನ್ನಾಗಿ ಹೀರುತ್ತದೆ. ನೀರೇ ಸುಡುತ್ತಿದ್ದರೆ ಶಾಖ ಹೊಗೆಯ ಜೊತೆ ಮೇಲೆ ಹೋಗುತ್ತದೆ. ದಾರಿಯ ಪೈಪ್‌ನಲ್ಲೂ ಅಷ್ಟು ಜಾಸ್ತಿ ಆರುತ್ತದೆ. ಮಕ್ಕಳಿರುವ ಮನೆಯಲ್ಲಿ 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಅದೂ ನೆನಪಿರಲಿ.

ಹೀಗೆ ಮಾಡಿ. ನೀರಿನ ನಾಬ್ ಪೂರ್ತಿ ಜಾಸ್ತಿಗೆ ತಿರುಗಿಸಿ, ಬಚ್ಚಲ ಬಿಸಿನೀರಿನ ನಲ್ಲಿ ಪೂರ್ತಿ ಬಿಡಿ, ತಣ್ಣೀರಿನ ನಲ್ಲಿ ಮುಚ್ಚಿರಲಿ. ಗ್ಯಾಸು ಅತಿ ಕಡಿಮೆಯಲ್ಲಿ ಇಟ್ಟು ಹಚ್ಚಿ. ಒಂದು ನಿಮಿಷ ಬಿಟ್ಟು ಬಕೆಟ್‌ನಲ್ಲಿ ಅಳೆಯಿರಿ. ಸಾಲದಿದ್ದರೆ ಗ್ಯಾಸು ಸ್ವಲ್ಪ ಏರಿಸಿ, ಮತ್ತೆ ಒಂದು ನಿಮಿಷ ಕಾಯಿರಿ. ನೇರ ಮೈಗೆ ಹೊಯ್ದುಕೊಳ್ಳುವಂಥ 40ರಿಂದ 42 ಡಿಗ್ರಿ ಬಂದಲ್ಲಿಗೆ ನಿಲ್ಲಿಸಿ. ಗ್ಯಾಸು ಪೂರ್ತಿ ಏರಿಸಿದರೂ ಸಾಲದೆ ಹೋದರೆ ಆಗ ಚಳಿಗಾಲದ ಗುರುತಿಗೆ ತಿರುಗಿಸಿ, ಅದೂ ಸಾಲದಿದ್ದರೆ ಮಾತ್ರ ನೀರು ಕಡಿಮೆ ಮಾಡಿ. ಸರಿಯಾದ ಜಾಗಕ್ಕೆ ಉಗುರಿನ ಬಣ್ಣದಲ್ಲಿ ಒಂದು ಚುಕ್ಕೆ ಇಡಿ, ಮಳೆಗಾಲಕ್ಕೆ ಕೆಂಪು, ಬೇಸಿಗೆಗೆ ಬೇರೆ. ನಮ್ಮನೆಯಲ್ಲಿ ಅಮ್ಮನಿಗೂ ಈಗ ಚುಕ್ಕೆ ನೋಡಿ ಇಡುವುದು ಗೊತ್ತು.

ಹೊಸದಾಗಿ ಹಚ್ಚಿದಾಗ ಗೀಸರ್ ಕೆಳಗೆ ನಾಲ್ಕು ಹನಿ ನೀರು ತೊಟ್ಟಿಕ್ಕಬಹುದು. ಹೊಗೆಯ ತೇವ ತಣ್ಣನೆ ತಾಮ್ರಕ್ಕೆ ತಾಗಿ ಹನಿಯಾಗುವುದು, ಸೋರಿಕೆ ಅಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮಾತ್ರ ತೋರಿಸಿ.

ಸ್ನಾನದ ಮಧ್ಯೆ ಉರಿ ಆರಿಹೋಗುವುದು ಸುಮಾರು ಮನೆಯ ದೂರು. ನೀರು ಕಡಿಮೆ ಬಂದರೆ ಗೀಸರ್ ತಾನೇ ಆರಿಸಿಕೊಳ್ಳುತ್ತದೆ. ತಣ್ಣೀರು ಬೆರೆಸುವವರಿಗೆ ಇದು ಜಾಸ್ತಿ ಆಗುತ್ತದೆ, ಯಾಕೆಂದರೆ ಅಷ್ಟು ನೀರು ಗೀಸರ್ ಮೂಲಕ ಹರಿಯುವುದು ತಪ್ಪುತ್ತದೆ. ತೊಟ್ಟಿ ಎತ್ತರದಲ್ಲಿ ಇಲ್ಲದಿದ್ದರೂ ಹಾಗೇ, ಷವರ್‌ಗಿಂತ ಎರಡೂವರೆ ಮೂರು ಮೀಟರ್ ಆದರೂ ಮೇಲಿರಬೇಕು. ಇನ್ನೊಂದು ಕಾರಣ ಬ್ಯಾಟರಿ. ಒಳಗೆ ಎರಡು ದಪ್ಪ ಸೆಲ್ ಇರುತ್ತವೆ, ಮಳೆಗಾಲದ ತೇವಕ್ಕೆ ಅವುಗಳ ತುದಿ ಹಸಿರು ಹಿಡಿಯುತ್ತದೆ. ಒರೆಸಿ, ಇಲ್ಲವೇ ಎರಡನ್ನೂ ಒಟ್ಟಿಗೆ ಬದಲಿಸಿ.

ಶುಚಿ ಮಾಡುವುದು

ನಮ್ಮ ಗೀಸರ್ ನೂರಕ್ಕೆ 65 ಮಾತ್ರ ಕೊಡುತ್ತಿದ್ದುದಕ್ಕೆ ನಾಬ್ ಒಂದೇ ಕಾರಣ ಆಗಿರಲಿಲ್ಲ. ಉರಿ ಹಳದಿ ಇತ್ತು. ನೀಲಿ ಇರಬೇಕಾದ್ದು ಹಳದಿಯಾದರೆ ಗಾಳಿ ಸಾಲದೆ ಗ್ಯಾಸು ಪೂರ್ತಿ ಉರಿಯುತ್ತಿಲ್ಲ ಅಂತ ಅರ್ಥ, ಖರ್ಚೂ ಹೌದು ವಿಷವೂ ಹೌದು. ಮೆಕ್ಯಾನಿಕ್ ಮುಂದಿನ ತಗಡು ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ಬರ್ನರ್ ಸಾಲಿನ ಬಾಯಿಗಳಲ್ಲಿ ಜೇಡರ ಬಲೆ, ಎರಡು ಕಡೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಹೆಸರುಕಾಳಿನಷ್ಟು ಸಣ್ಣದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥದ್ದು. ಮೇಲಿನ ತಾಮ್ರದ ರೆಕ್ಕೆಗಳ ಮಧ್ಯೆ ಮಸಿ ತುಂಬಿ ಬೆಳಕೇ ಕಾಣುತ್ತಿರಲಿಲ್ಲ. ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಗಾಳಿ ಊದಿ, ಮತ್ತೆ ಜೋಡಿಸಿ, ಪ್ರತಿ ಕೂಡಿಕೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡಿದರು. ಒಂದು ಗಂಟೆಯ ಕೆಲಸ. ಮಾರನೆಯ ವಾರ ಅದೇ ಹತ್ತು ಬಕೆಟ್‌ಗೆ 440 ಗ್ರಾಂ ಬಂತು. ಅಂದರೆ ನೂರಕ್ಕೆ 83.

ಗ್ಯಾಸಿನ ಭಾಗ ನೀವೇ ಬಿಚ್ಚಬೇಡಿ. ನೀವು ಮಾಡಬಹುದಾದದ್ದು ನೀರು ಒಳಹೋಗುವ ಕಡೆಯ ಸಣ್ಣ ಜಾಲರಿ. ಗುಡ್ಡದ ಅಬ್ಬಿ ನೀರು ಪೈಪ್‌ನಲ್ಲಿ ತಂದುಕೊಂಡವರ ಮನೆಯಲ್ಲಿ ಮೊದಲ ಮಳೆಗೆ ಕೆಸರು, ಎಲೆಯ ಚೂರು ಎಲ್ಲ ಬಂದು ಅಲ್ಲೇ ಕೂರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ತೊಳೆಯಿರಿ. ರಬ್ಬರ್ ಪೈಪ್ ಐದು ವರ್ಷಕ್ಕೆ ಬದಲಿಸಬೇಕು, ಮೇಲೆ ಇಸವಿ ಅಚ್ಚಾಗಿರುತ್ತದೆ, ಹೊರಗೆ ಇದ್ದರೆ ಇಲಿ ಕಚ್ಚಿದ ಗುರುತೂ ನೋಡಿ. ಹೋಟೆಲ್ ಒಲೆಯ ಹೈ ಪ್ರೆಷರ್ ರೆಗ್ಯುಲೇಟರ್ ಗೀಸರ್‌ಗೆ ಹಾಕಲೇಬೇಡಿ.

ಚಳಿಗಾಲದಲ್ಲಿ ಸಿಲಿಂಡರ್ ತಳಕ್ಕೆ ಬಂದಾಗ ಹೊರಗೆ ಬೆವರುತ್ತದೆ, ಉರಿ ಕುಗ್ಗುತ್ತದೆ. ಒಳಗಿನ ದ್ರವ ಆವಿಯಾಗಲು ಬೇಕಾದ ಶಾಖ ಸಿಗುತ್ತಿಲ್ಲ ಅಷ್ಟೆ. ಕೆಲವರು ಸಿಲಿಂಡರನ್ನು ಬಿಸಿನೀರಿನ ಬುಟ್ಟಿಯಲ್ಲಿ ಇಡುತ್ತಾರೆ, ಅದು ಅಪಾಯ, ಮಾಡಬೇಡಿ. ಎಷ್ಟು ಉಳಿದಿದೆ ಅಂತ ನೋಡಬೇಕಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ದ್ರವ ಇರುವಷ್ಟು ಭಾಗ ತಡವಾಗಿ ಒಣಗುತ್ತದೆ.

ಇಂಗ್ಲೆಂಡಿನಲ್ಲಿರುವವರಿಗೆ

ಚಿಕ್ಕಪ್ಪನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಮನೆ ಬೆಚ್ಚಗಿಡುವುದೂ ಗ್ಯಾಸಿನ ಬಾಯ್ಲರ್‌ನಿಂದಲೇ. "ನಮ್ಮ ಬಿಲ್ಲೂ ಹೀಗೇ ಏರ್ತಿದೆ, ಏನ್ ಮಾಡ್ಲಿ ಅಣ್ಣಯ್ಯ" ಅಂದಳು. ಸೂತ್ರ ಅದೇ. ಅಲ್ಲಿ 2005ರಿಂದ ಹೊಸ ಬಾಯ್ಲರ್‌ಗಳು ಹೊಗೆಯ ಆವಿಯನ್ನು ನೀರು ಮಾಡಿ ಆ ಶಾಖವನ್ನೂ ಹಿಡಿಯುವಂಥವು. ಆದರೆ ರೇಡಿಯೇಟರ್‌ನಿಂದ ವಾಪಸು ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಅದು ಆಗುತ್ತದೆ. ಬಾಯ್ಲರ್ ಹೊರಬಿಡುವ ನೀರನ್ನು 75, 80ರಲ್ಲಿ ಇಟ್ಟುಕೊಂಡರೆ ಆ ಲಾಭ ಹೋಯಿತು. 60ಕ್ಕೆ ಇಳಿಸಿ, ಮನೆ ಬೆಚ್ಚಗಾದರೆ ಇನ್ನೂ ಸ್ವಲ್ಪ ಇಳಿಸಬೇಕು. ಬಿಸಿನೀರಿನ ತೊಟ್ಟಿ ಬೇರೆ ಇದ್ದರೆ ಅದು ಮಾತ್ರ 60ರಲ್ಲೇ ಇರಲಿ, ಇಲ್ಲದಿದ್ದರೆ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಕರೆಂಟಾ ಗ್ಯಾಸಾ?

20 ಲೀಟರಿನ ಬಕೆಟ್ 20 ಡಿಗ್ರಿ ಏರಲು ಗ್ಯಾಸು ಸುಮಾರು 45 ಗ್ರಾಂ, ಕರೆಂಟು ಅರ್ಧ ಯೂನಿಟ್. ನಿಮ್ಮೂರಿನ ದರ ಹಾಕಿ ನೋಡಿಕೊಳ್ಳಿ. ಗೃಹಜ್ಯೋತಿ ಇದ್ದರೆ ಕರೆಂಟು ಪುಕ್ಕಟೆ ಅಂತ ಗೀಸರ್ ಬದಲಿಸುವ ಮೊದಲು ಲೆಕ್ಕ ಹಾಕಿ. ನಾಲ್ಕು ಜನ, ದಿನಕ್ಕೆ ತಲಾ ಒಂದೂವರೆ ಬಕೆಟ್ ಅಂದರೂ ತಿಂಗಳಿಗೆ 90 ಯೂನಿಟ್ ಆಯಿತು. ಪುಕ್ಕಟೆ ಸಿಗುವುದು ನಿಮ್ಮ ಹಳೆಯ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಮಾತ್ರ, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾನು ಗ್ಯಾಸಿನಲ್ಲೇ ಇದ್ದೇನೆ. ಈಗ ವಾರಕ್ಕೆ 2.1 ಕೆಜಿ, ಸಿಲಿಂಡರ್ 47 ದಿನ ಬರುತ್ತದೆ. ಇದರಲ್ಲಿ ಒಂದಷ್ಟು ಪಾಲು ಮಗನದ್ದೂ ಇದೆ, ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಲು ಕಲಿತ.

ಮೆಕ್ಯಾನಿಕ್ ಕರೆಸಲು ನಾನು ಇಟ್ಟುಕೊಂಡ ದಿನ ನೀರು ತುಂಬುವ ಹಬ್ಬ. ಆ ಸಂಜೆ ಹೇಗೂ ಹಂಡೆ ತೊಳೆದು, ಹಿಂಡಲೆ ಬಳ್ಳಿ ಸುತ್ತಿ, ಒಲೆ ಹಚ್ಚುತ್ತೇವೆ. ಮಾರನೆಯ ದಿನ ಎಣ್ಣೆ ನೀರಿನ ಸ್ನಾನ ಹಂಡೆಯ ನೀರಿನಲ್ಲೇ. ಗೀಸರ್‌ಗೆ ಎರಡು ದಿನ ರಜೆ, ಬಿಚ್ಚಿಟ್ಟರೂ ಯಾರಿಗೂ ತೊಂದರೆ ಇಲ್ಲ. ಮಳೆಗಾಲದ ಹುಳ, ಮಸಿ ಎಲ್ಲ ಆಗ ತೆಗೆಸಿದರೆ ಚಳಿಗಾಲಕ್ಕೆ ನೀಲಿ ಉರಿ ಸಿಗುತ್ತದೆ. ಜೋಡಿಸಿದ ದಿನ ಸಿಲಿಂಡರ್ ತೂಗಿ, ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದಲ್ಲೇ ಬರೆದಿಡಿ.